ಪುಣೆಯಲ್ಲಿ ರಿವಾಲ್ವರ್ ಕೊಳ್ಳುವ ಮುನ್ನ: ಸೊಂಟಕ್ಕೆ ಯಾವುದು, ಕಾಡಿಗೆ ಯಾವುದು?

ಶನಿವಾರ, ಭಾನುವಾರ ನಾನು ಬಾಲೇವಾಡಿಯ ಶೂಟಿಂಗ್ ರೇಂಜ್ ಕಡೆ ಇರುತ್ತೇನೆ ಅಂತ ಪುಣೆಯ ಕನ್ನಡದವರಲ್ಲಿ ಕೆಲವರಿಗೆ ಗೊತ್ತು. ಹಾಗಾಗಿ ಮದುವೆ ಮನೆಯಲ್ಲೋ ರಾಜ್ಯೋತ್ಸವದ ಊಟದ ಸಾಲಲ್ಲೋ ಯಾರಾದರೂ ಪಕ್ಕಕ್ಕೆ ಬಂದು ಮೆಲ್ಲಗೆ ಕೇಳುತ್ತಾರೆ, ‘ರಿವಾಲ್ವರ್ ತಗೋಬೇಕು ಅಂತಿದ್ದೀನಿ, ಯಾವುದು ಒಳ್ಳೇದು?’

ಕೇಳುವವರು ಸಾಮಾನ್ಯವಾಗಿ ಎರಡು ಬಗೆ. ಒಬ್ಬರು ಹೋಟೆಲ್ ಇಟ್ಟವರು, ರಾತ್ರಿ ಗಲ್ಲಾದ ದುಡ್ಡು ಹಿಡಿದು ಕಾತ್ರಜ್ ಕಡೆಯ ಮನೆಗೆ ಹೋಗುವವರು. ಇನ್ನೊಬ್ಬರು ಹಿಂಜವಡಿಯಲ್ಲಿ ಕಂಪ್ಯೂಟರ್ ಕೆಲಸದವರು. ಮುಳಶಿ ಕಡೆ ಒಂದು ತುಂಡು ಜಮೀನು ಮಾಡಿದ್ದಾರೆ, ರಜೆ ಸಿಕ್ಕರೆ ಕೋಟೆ ಹತ್ತುತ್ತಾರೆ, ಅಲ್ಲಿ ಚಿರತೆ ಇದೆ ಅಂತ ಕೇಳಿದ್ದಾರೆ. ಇಬ್ಬರೂ ಅಮೆರಿಕದ ವೀಡಿಯೊಗಳನ್ನು ಧಾರಾಳವಾಗಿ ನೋಡಿರುತ್ತಾರೆ. .357 ಮ್ಯಾಗ್ನಂ, .44 ಮ್ಯಾಗ್ನಂ ಎಂಬ ಜೋರು ಗುಂಡುಗಳು, ಕರಡಿ ಇರುವ ಕಾಡಿಗೆ ನಾಲ್ಕಿಂಚಿನ ನಳಿಗೆ, ಪೇಟೆಗೆ ಎರಡಿಂಚಿನದು. ಎಲ್ಲ ಬಾಯಿಪಾಠ.

ಅದರಲ್ಲಿ ಹೆಚ್ಚಿನದು ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಅಲ್ಲಿ ಆಯ್ಕೆ ಶುರುವಾಗುವುದು ಗುಂಡಿನ ಗಾತ್ರದಿಂದ, ಅಂದರೆ .357, .44 ಎಂದು ಇಂಚಿನಲ್ಲಿ ಹೇಳುವ ಅಗಲದಿಂದ. ಇಲ್ಲಿ ಅದನ್ನು ಕಾನೂನು ಮೊದಲೇ ಆರಿಸಿಬಿಟ್ಟಿದೆ. ನಮಗೆ ಉಳಿಯುವುದು ಬೇರೆ ಪ್ರಶ್ನೆಗಳು: ಟ್ರಿಗರ್ ನಿಮ್ಮ ಬೆರಳಿಗೆ ಬಗ್ಗುತ್ತದೋ ಇಲ್ಲವೋ, ಅದನ್ನು ಎಲ್ಲಿಗೆ ಒಯ್ಯಬಹುದು, ಎಲ್ಲಿಗೆ ಒಯ್ಯಲೇಬಾರದು.

ಮೊದಲು ಲೈಸೆನ್ಸ್ ವಿಷಯ ಮುಗಿಸಿಬಿಡೋಣ. 1959ರ ಆಯುಧ ಕಾಯ್ದೆ ಮತ್ತು 2016ರ ಆಯುಧ ನಿಯಮಗಳು ಇದಕ್ಕೆಲ್ಲ ಆಧಾರ. 21 ವರ್ಷ ತುಂಬಿರಬೇಕು. ಪುಣೆ ಮತ್ತು ಪಿಂಪರಿ-ಚಿಂಚವಡದಲ್ಲಿ ಅರ್ಜಿ ಪೊಲೀಸ್ ಕಮಿಷನರ್ ಕಚೇರಿಗೆ ಹೋಗುತ್ತದೆ, ಹಳ್ಳಿ ಕಡೆ ಜಿಲ್ಲಾಧಿಕಾರಿಗೆ. ಗೋವಾದಲ್ಲಿ ಆಯಾ ಜಿಲ್ಲೆಯ ಮ್ಯಾಜಿಸ್ಟ್ರೇಟರಿಗೆ. ‘ಇರಲಿ ಅಂತ’ ಎನ್ನುವುದು ಕಾರಣ ಆಗುವುದಿಲ್ಲ. ವ್ಯಾಪಾರ, ವೃತ್ತಿ ಅಥವಾ ಬೇರೆ ಯಾವುದೋ ನಿಜವಾದ ಕಾರಣಕ್ಕೆ ಪ್ರಾಣಕ್ಕೋ ಆಸ್ತಿಗೋ ಅಪಾಯ ಇದೆ ಎಂದು ತೋರಿಸಬೇಕು. ಪೊಲೀಸರು ವಿಚಾರಣೆ ಮಾಡುತ್ತಾರೆ. ಆಯುಧ ಬಳಕೆಯ ಸುರಕ್ಷತಾ ತರಬೇತಿಯ ಸರ್ಟಿಫಿಕೇಟ್ ಕೇಳುತ್ತಾರೆ. 2019ರ ತಿದ್ದುಪಡಿ ಬಂದ ಮೇಲೆ ಒಬ್ಬರ ಹತ್ತಿರ ಇರಬಹುದಾದ ಬಂದೂಕುಗಳು ಮೂರರಿಂದ ಎರಡಕ್ಕೆ ಇಳಿದವು, ಲೈಸೆನ್ಸ್ ಅವಧಿ ಮೂರು ವರ್ಷದಿಂದ ಐದಕ್ಕೆ ಏರಿತು. ಊರಲ್ಲಿ ಅಪ್ಪನ ಜೋಡು ನಳಿಗೆ ಕೋವಿ ನಿಮ್ಮ ಹೆಸರಿಗೆ ಬಂದಿದ್ದರೆ ಅದೂ ಲೆಕ್ಕಕ್ಕೆ ಸೇರುತ್ತದೆ ಅನ್ನುವುದನ್ನು ಮರೆಯಬೇಡಿ.

‘ಲೈಸೆನ್ಸ್ ಎಲ್ಲ ಯಾಕೆ, ಕಟ್ಟಾ (ಕದ್ದು ಮಾಡುವ ನಾಡ ಪಿಸ್ತೂಲು) ಸಿಗುತ್ತಂತಲ್ಲ’ ಎನ್ನುವವರೂ ಇದ್ದಾರೆ. ಲೈಸೆನ್ಸ್ ಇಲ್ಲದ ಬಂದೂಕಿಗೆ ಈಗ ಕನಿಷ್ಠ ಎರಡು ವರ್ಷದಿಂದ ಐದು ವರ್ಷದವರೆಗೆ ಜೈಲು. ಅದಕ್ಕಿಂತ ಮೊದಲು, ಆ ಕಟ್ಟಾ ನಿಮ್ಮ ಕೈಯಲ್ಲೇ ಒಡೆಯಬಹುದು.

ಇನ್ನು ಗುಂಡಿನ ಗಾತ್ರ. ಸೈನ್ಯ ಮತ್ತು ಪೊಲೀಸರ ಗುಂಡು ಹಾಕಬಹುದಾದ ಕೈಬಂದೂಕುಗಳನ್ನು ನಮ್ಮ ನಿಯಮಗಳು ಮೊದಲಿನಿಂದಲೂ ‘ನಿಷೇಧಿತ ಬೋರ್’ ಎಂದು ದೂರ ಇಟ್ಟಿವೆ. .380, .455, ಸೈನ್ಯದ 9 ಎಂಎಂ, .45 ಎಲ್ಲ ಆ ಪಟ್ಟಿಯವು. ಸಾಮಾನ್ಯ ಜನರಿಗೆ ವಿದೇಶದಿಂದ ತರಿಸುವ ದಾರಿ 1980ರ ದಶಕದಲ್ಲೇ ಮುಚ್ಚಿತು. ಅದಕ್ಕೂ ಮೊದಲು ಬಂದ .357ರಂಥವು ಅಲ್ಲೊಂದು ಇಲ್ಲೊಂದು ಕೈ ಬದಲಾಗುತ್ತವೆ. ಬೆಲೆ ಕೇಳಿದರೆ ತಲೆ ತಿರುಗುತ್ತದೆ, ಗುಂಡು ಹುಡುಕುವುದು ಇನ್ನೂ ಕಷ್ಟ. ಕೊನೆಗೆ ಉಳಿಯುವುದು .32. ಜೊತೆಗೆ ಒಂದಿಷ್ಟು .22.

.32 ಅಂದರೆ ಇಲ್ಲಿ .32 ಸ್ಮಿತ್ ಆಂಡ್ ವೆಸನ್ ಲಾಂಗ್. 1896ರ ಕಾರ್ಟ್ರಿಡ್ಜ್ (ಖೋಲು, ಮದ್ದು, ಗುಂಡು ಸೇರಿದ ತೋಟಾ) ಇದು, ನಮ್ಮ ಮುತ್ತಜ್ಜನ ಕಾಲದ್ದು. 98 ಗ್ರೇನ್, ಅಂದರೆ ಆರು ಗ್ರಾಂ ಚಿಲ್ಲರೆ ತೂಕದ ಸೀಸದ ಗುಂಡು, ಸೆಕೆಂಡಿಗೆ ಸುಮಾರು 215 ಮೀಟರ್ ವೇಗದಲ್ಲಿ ಹೋಗುತ್ತದೆ. ಶಬ್ದದ ವೇಗಕ್ಕಿಂತ ಬಹಳ ಕಡಿಮೆ. ಶಕ್ತಿ ಸುಮಾರು 150 ಜೂಲ್. .38 ಸ್ಪೆಷಲ್‌ನಲ್ಲಿ ಇದು 270ರ ಹತ್ತಿರ ಇರುತ್ತದೆ. .357 ಮ್ಯಾಗ್ನಂ 700 ದಾಟುತ್ತದೆ, .44 ಮ್ಯಾಗ್ನಂ 1,000 ದಾಟುತ್ತದೆ. ನಮ್ಮ ಮಲೆನಾಡಿನ 12 ಬೋರಿನ ತೋಟಾ ಕೋವಿ 2,000 ಜೂಲ್ ಮೀರುತ್ತದೆ. ಈ ಅಂಕಿಗಳನ್ನು ಸ್ವಲ್ಪ ನೆನಪಿಡಿ. ಕಾಡಿನ ಮಾತು ಬಂದಾಗ ಬೇಕಾಗುತ್ತವೆ.

ಹಾಗಂತ .32 ಕೆಲಸಕ್ಕೆ ಬಾರದ್ದು ಅಂತ ಮೂಗು ಮುರಿಯಬೇಕಿಲ್ಲ. ಅದರ ಒದೆತ ತೀರಾ ಕಡಿಮೆ, ಗುರಿಯ ನಿಖರತೆ ಬಹಳ ಚೆನ್ನ. ಅದಕ್ಕೇ 25 ಮೀಟರ್ ಸೆಂಟರ್‌ಫೈರ್ ಪಿಸ್ತೂಲ್ ಸ್ಪರ್ಧೆಯಲ್ಲಿ ಜಗತ್ತಿನ ಶೂಟರ್‌ಗಳು ಹೆಚ್ಚಾಗಿ ಬಳಸುವುದು ಇದೇ ಕಾರ್ಟ್ರಿಡ್ಜ್, ಮೂತಿ ಚಪ್ಪಟೆ ಇರುವ ಗುಂಡಿನ ಜೊತೆ. ಜಸ್ಪಾಲ್ ರಾಣಾ 1994ರ ಹಿರೋಶಿಮಾ ಮತ್ತು 2006ರ ದೋಹಾ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದದ್ದು ಆ ಸ್ಪರ್ಧೆಯಲ್ಲೇ. ಪುಣೆಯವರಿಗೆ ಇದು ಮನೆಯ ಸರಕು ಕೂಡ ಹೌದು. ಕಾರ್ಟ್ರಿಡ್ಜ್‌ನ ಹಿಂಬದಿಯಲ್ಲಿ ‘ಕೆಎಫ್’ ಎಂದು ಒತ್ತಿದ್ದರೆ ಅದು ನಮ್ಮ ಖಡಕಿಯ ಕಾರ್ಖಾನೆಯದ್ದು. ಬ್ರಿಟಿಷರು ಖಡಕಿಯನ್ನು ‘ಕಿರ್ಕಿ’ ಎನ್ನುತ್ತಿದ್ದರು, ಆ ‘ಕೆ’ ಹಾಗೇ ಉಳಿದಿದೆ. 1869ರಿಂದ ಇರುವ ಕಾರ್ಖಾನೆ. 2021ರಲ್ಲಿ ಮ್ಯುನಿಷನ್ಸ್ ಇಂಡಿಯಾ ಎಂಬ ಸರ್ಕಾರಿ ಕಂಪನಿಯ ಕೆಳಗೆ ಬಂತು, ಅದರ ಕಚೇರಿಯೂ ಪುಣೆಯಲ್ಲೇ ಇದೆ.

ಅಂಗಡಿಯಲ್ಲಿ ಒಂದು ಎಚ್ಚರ ಬೇಕು. ಪಿಸ್ತೂಲಿನ .32 ಬೇರೆ, ರಿವಾಲ್ವರಿನ .32 ಬೇರೆ. ಪಿಸ್ತೂಲಿನದು .32 ಎಸಿಪಿ, ಅಂದರೆ 7.65 ಎಂಎಂ. ಅದು ರಿವಾಲ್ವರಿನ ಗೂಡಿನೊಳಗೆ, ಅಂದರೆ ಕಾರ್ಟ್ರಿಡ್ಜ್ ಕೂರುವ ತೂತಿನೊಳಗೆ, ಕೂತುಬಿಡಬಹುದು. ಕೂತಿತು ಅಂತ ಹೊಡೆಯಬೇಡಿ. ಒತ್ತಡ ಬೇರೆ, ಅಳತೆ ಬೇರೆ.

ಇನ್ನು ಮಾದರಿಗಳು. ಹಳೆಯ ಸರ್ಕಾರಿ .32 ರಿವಾಲ್ವರುಗಳು ಬ್ರಿಟನ್ನಿನ ವೆಬ್ಲಿ ರಿವಾಲ್ವರಿನ ವಂಶದವು. ಚಿಲಕ ಒತ್ತಿದರೆ ನಡುವೆ ಮುರಿದು ಬಾಗುತ್ತವೆ, ಖಾಲಿ ಖೋಲುಗಳು ಒಟ್ಟಿಗೆ ಮೇಲೆದ್ದು ಬರುತ್ತವೆ. ನೋಡೋಕೆ ಚೆಂದ, ಗುಂಡು ತುಂಬಲು ಬೇಗ. ಆದರೆ ಚಿಲಕ, ಕೀಲು ಸವೆದರೆ ನಳಿಗೆ ಅಲುಗಾಡಲು ಶುರುವಾಗುತ್ತದೆ. 2014ರಲ್ಲಿ ಕಾನ್ಪುರದಿಂದ ‘ನಿರ್ಭೀಕ್’ ಬಂತು. ಟೈಟಾನಿಯಂ ಮಿಶ್ರಲೋಹದ್ದು, ಸುಮಾರು 500 ಗ್ರಾಂ. ದೆಹಲಿಯ ನಿರ್ಭಯಾ ಪ್ರಕರಣದ ನೆನಪಿನಲ್ಲಿ ‘ಮಹಿಳೆಯರಿಗಾಗಿ’ ಎಂದು ಪ್ರಚಾರ ಮಾಡಿದರು. ಆಗಿನ ಬೆಲೆ 1,22,360 ರೂಪಾಯಿ. ಆ ಬೆಲೆಗೆ ಯಾವ ಸಾಮಾನ್ಯ ಹೆಣ್ಣುಮಗಳು ಕೊಂಡಾಳು ಅಂತ ಆಗಲೇ ಟೀಕೆ ಬಂತು, ಸರಿಯಾಗಿಯೇ ಬಂತು. ಬಂಗಾಳದ ಈಶಾಪುರದ ಕಾರ್ಖಾನೆ ‘ನಿಡರ್’ ಎಂಬ .22 ರಿವಾಲ್ವರ್ ಮಾಡಿತು, ಅದು ಸುಮಾರು 250 ಗ್ರಾಂ ಮಾತ್ರ. 2023ರ ಆಗಸ್ಟ್‌ನಲ್ಲಿ ಕಾನ್ಪುರದ ಸರ್ಕಾರಿ ಕಂಪನಿಯಿಂದ ‘ಪ್ರಬಲ್’ ಬಂತು. .32, ನಳಿಗೆ 76 ಮಿಲಿಮೀಟರ್, ಖಾಲಿ ತೂಕ 700 ಗ್ರಾಂ. ಇದರ ಸಿಲಿಂಡರ್, ಅಂದರೆ ಗೂಡುಗಳಿರುವ ತಿರುಗುವ ಉರುಳೆ, ಪಕ್ಕಕ್ಕೆ ತೆರೆದುಕೊಳ್ಳುತ್ತದೆ, ನಡುವೆ ಮುರಿಯುವ ಕಾಟವಿಲ್ಲ. ನನ್ನ ಅಭಿಪ್ರಾಯದಲ್ಲಿ ಅದು ದೊಡ್ಡ ಸುಧಾರಣೆ. ಚೌಕಟ್ಟು ಒಂದೇ ತುಂಡಾಗಿರುವುದರಿಂದ ಗಟ್ಟಿ, ಗುಂಡು ಇದೆಯೋ ಇಲ್ಲವೋ ಎಂದು ನೋಡುವುದೂ ಸುಲಭ. ಖಾಸಗಿಯವರಲ್ಲಿ ವೆಬ್ಲಿ ಆಂಡ್ ಸ್ಕಾಟ್ ಹೆಸರಿನ .32 ರಿವಾಲ್ವರ್ ಉತ್ತರ ಪ್ರದೇಶದ ಹರ್ದೋಯಿ ಜಿಲ್ಲೆಯಲ್ಲಿ ತಯಾರಾಗುತ್ತದೆ.

ಇವುಗಳಲ್ಲಿ ಯಾವುದು? ಇಲ್ಲಿಂದ ಮುಂದೆ ಹೆಸರು ಬಿಡಿ, ಕೈಯಲ್ಲಿ ಹಿಡಿದು ನೋಡಿ.

ರಿವಾಲ್ವರಿನ ಜೀವ ಇರುವುದು ಟ್ರಿಗರಿನಲ್ಲಿ. ಅದನ್ನು ಎರಡು ರೀತಿ ಹೊಡೆಯಬಹುದು. ಹೆಬ್ಬೆರಳಿನಿಂದ ಹ್ಯಾಮರನ್ನು (ಹಿಂಬದಿಯಲ್ಲಿರುವ, ಗುಂಡು ಸಿಡಿಸುವ ಸುತ್ತಿಗೆಯನ್ನು) ಮೊದಲೇ ಹಿಂದಕ್ಕೆಳೆದು ನಿಲ್ಲಿಸಿ ಹೊಡೆದರೆ ಅದು ಸಿಂಗಲ್ ಆಕ್ಷನ್. ಟ್ರಿಗರ್ ಹಗುರ, ಸಾಧಾರಣವಾಗಿ ಎರಡು ಕಿಲೋ ಆಸುಪಾಸು. ಹ್ಯಾಮರ್ ಮುಟ್ಟದೆ ನೇರವಾಗಿ ಟ್ರಿಗರ್ ಎಳೆದರೆ ಡಬಲ್ ಆಕ್ಷನ್. ಆಗ ಅದೊಂದೇ ಎಳೆತ ಸಿಲಿಂಡರ್ ತಿರುಗಿಸಬೇಕು, ಹ್ಯಾಮರ್ ಎತ್ತಬೇಕು, ಬಿಡಬೇಕು. ಹಾಗಾಗಿ ಅದು ಉದ್ದ, ಭಾರ. ಐದು ಕಿಲೋ ಆಸುಪಾಸು ಇರುತ್ತದೆ. ಐದು ಕಿಲೋ ಅಕ್ಕಿಯ ಚೀಲವನ್ನು ತೋರುಬೆರಳೊಂದಕ್ಕೇ ನೇತುಹಾಕಿಕೊಂಡ ಹಾಗೆ. ಈಗ ಯೋಚಿಸಿ. ಬಂದೂಕಿನ ತೂಕ 500 ಗ್ರಾಂ, ಅದರ ಮೇಲೆ ನಿಮ್ಮ ಬೆರಳು ಹಾಕುವ ಬಲ ಅದರ ಹತ್ತು ಪಟ್ಟು. ಅದು ಅಲುಗಾಡದೆ ಇನ್ನೇನು ಮಾಡುತ್ತದೆ? ಹಗುರವಾದದ್ದು ಸೊಂಟಕ್ಕೆ ಸುಖ, ಗುರಿಗೆ ಕಷ್ಟ. ‘ಹಗುರ ಇದೆ, ಹೆಂಗಸರಿಗೆ ಒಳ್ಳೇದು’ ಎಂಬ ಅಂಗಡಿಯ ಮಾತನ್ನು ನಾನು ಒಪ್ಪದಿರುವುದು ಇದಕ್ಕೇ. ಬೆರಳಿನ ಬಲ ಕಡಿಮೆ ಇರುವವರಿಗೆ ಬೇಕಾದದ್ದು ಮೃದು ಟ್ರಿಗರ್, ಕೈತುಂಬುವ ಹಿಡಿ, ಸ್ವಲ್ಪ ತೂಕ.

ಪರೀಕ್ಷೆ ಸುಲಭ. ಸಿಲಿಂಡರ್ ತೆರೆದು ಖಾಲಿ ಇದೆ ಎಂದು ನೀವೂ ನೋಡಿ, ಅಂಗಡಿಯವರೂ ನೋಡಲಿ. ಅವರ ಒಪ್ಪಿಗೆ ಪಡೆದು, ಜನ ಇಲ್ಲದ ಗೋಡೆಯ ಕಡೆ ತಿರುಗಿಸಿ, ಡಬಲ್ ಆಕ್ಷನ್‌ನಲ್ಲಿ ಹತ್ತು ಸಲ ನಿಧಾನವಾಗಿ ಎಳೆಯಿರಿ. ಹತ್ತನೇ ಸಲಕ್ಕೂ ನಳಿಗೆಯ ತುದಿಯಲ್ಲಿರುವ ಮುಂದಿನ ಗುರಿಕಡ್ಡಿ ಕುಣಿಯದೆ ನಿಂತರೆ ಆ ಬಂದೂಕು ನಿಮ್ಮದು. ಆರನೇ ಸಲಕ್ಕೇ ಎರಡನೇ ಬೆರಳು ಸಹಾಯಕ್ಕೆ ಬಂದರೆ ಬೇರೆ ನೋಡಿ. ಬೆರಳಿನ ಮೊದಲ ಗೆಣ್ಣಿನ ಹತ್ತಿರ ಟ್ರಿಗರ್ ಕೂರಬೇಕು. ತುದಿ ಮಾತ್ರ ಮುಟ್ಟುತ್ತಿದ್ದರೆ ಹಿಡಿ ನಿಮಗೆ ದೊಡ್ಡದು.

ಆಮೇಲೆ ನಳಿಗೆಯ ಉದ್ದ. ಇದರ ಗಣಿತ ಮಜಾ ಇದೆ. ಹಿಂದಿನ ಗುರಿಗಂಡಿ ಮತ್ತು ಮುಂದಿನ ಗುರಿಕಡ್ಡಿ ನಡುವೆ 10 ಸೆಂಟಿಮೀಟರ್ ಇದೆ ಅಂದುಕೊಳ್ಳಿ. ಹೊಡೆಯುವಾಗ ಗುರಿಕಡ್ಡಿ ಒಂದೇ ಒಂದು ಮಿಲಿಮೀಟರ್ ಸರಿಯಿತು. 10 ಮೀಟರ್ ದೂರದಲ್ಲಿ ಗುಂಡು 10 ಸೆಂಟಿಮೀಟರ್ ಆಚೆ ಬೀಳುತ್ತದೆ. ಆ ಅಂತರ 15 ಸೆಂಟಿಮೀಟರ್ ಇದ್ದರೆ ತಪ್ಪು ಸುಮಾರು 6.7 ಸೆಂಟಿಮೀಟರಿಗೆ ಇಳಿಯುತ್ತದೆ. ಅದೇ 10ರ ಬಂದೂಕಿನಲ್ಲಿ 50 ಮೀಟರ್‌ಗೆ ಹೊಡೆದರೆ ತಪ್ಪು ಅರ್ಧ ಮೀಟರ್. ಪ್ರಬಲ್ ಬಂದಾಗ ‘50 ಮೀಟರ್ ರೇಂಜ್’ ಎಂದು ಪತ್ರಿಕೆಗಳು ಬರೆದವು. ಗುಂಡು ಅಷ್ಟು ದೂರ ಹೋಗುತ್ತದೆ, ನಿಜ. ಒಂದು ಮಿಲಿಮೀಟರ್ ನಡುಕದ ಕೈಯಿಂದ ಹೋದ ಗುಂಡು ಯಾರಿಗೆ ತಗಲುತ್ತದೆ ಎಂಬುದು ಬೇರೆ ಮಾತು. ಪುಣೆಯ ರಸ್ತೆಯಲ್ಲಿ 50 ಮೀಟರ್ ಅಂದರೆ ನಡುವೆ ಎಷ್ಟು ಜನ ಇರುತ್ತಾರೆ, ನೀವೇ ನೋಡಿದ್ದೀರಲ್ಲ. ಆತ್ಮರಕ್ಷಣೆಯ ದೂರ ಅಂದರೆ ಒಂದು ಕೋಣೆಯ ಉದ್ದ, ಅಷ್ಟೇ. ಹಾಗಾಗಿ ನನ್ನ ಒಲವು ಮೂರಿಂಚಿನ ನಳಿಗೆಗೆ. ಅಂಗಿಯ ಕೆಳಗೂ ಕೂರುತ್ತದೆ, ಗುರಿಯೂ ಪೂರ್ತಿ ಕೈಬಿಡುವುದಿಲ್ಲ.

ಇನ್ನೆರಡು ಯಂತ್ರದ ಸಂಗತಿ. ಸಿಲಿಂಡರಿಗೂ ನಳಿಗೆಗೂ ನಡುವೆ ಕೂದಲೆಳೆಯ ಸಂದು ಇರುತ್ತದೆ. ಹೊಡೆದಾಗ ಅಲ್ಲಿಂದ ಬಿಸಿ ಅನಿಲ, ಸೀಸದ ಚೂರು ಪಕ್ಕಕ್ಕೆ ಚಿಮ್ಮುತ್ತವೆ. ಎಡಗೈ ಹೆಬ್ಬೆರಳನ್ನು ಸಿಲಿಂಡರಿನ ಮುಂದೆ ಇಟ್ಟರೆ ಸುಟ್ಟುಕೊಳ್ಳುತ್ತೀರಿ. ಪಿಸ್ತೂಲು ಹಿಡಿದು ಅಭ್ಯಾಸ ಇದ್ದವರು ಇದನ್ನು ಮರೆಯುವುದು ಜಾಸ್ತಿ. ಎರಡನೆಯದು, ರಿವಾಲ್ವರಿಗೆ ಸಾಮಾನ್ಯವಾಗಿ ಪಿಸ್ತೂಲಿನ ಥರ ಹೊರಗೆ ಸೇಫ್ಟಿ ಗುಂಡಿ ಇರುವುದಿಲ್ಲ. ಬದಲಿಗೆ ಹೊಸ ವಿನ್ಯಾಸಗಳಲ್ಲಿ ಟ್ರಿಗರ್ ಪೂರ್ತಿ ಎಳೆಯದ ಹೊರತು ಹ್ಯಾಮರಿನ ಹೊಡೆತ ಗುಂಡಿಗೆ ತಲುಪದಂತೆ ಒಳಗೇ ಒಂದು ತಡೆ ಇರುತ್ತದೆ. ಕೆಳಗೆ ಬಿದ್ದರೂ ಗುಂಡು ಹಾರುವುದಿಲ್ಲ. ಹಳೆಯ ಬಂದೂಕಿನಲ್ಲಿ ಆ ತಡೆ ಇದೆಯೋ ಇಲ್ಲವೋ ಗನ್‌ಸ್ಮಿತ್ ಕೈಲಿ ನೋಡಿಸಿ. ಇಲ್ಲದಿದ್ದರೆ ಆರರಲ್ಲಿ ಐದೇ ತುಂಬಿ, ಹ್ಯಾಮರಿನ ಕೆಳಗಿನ ಗೂಡು ಖಾಲಿ ಬಿಡುವುದು ಹಿಂದಿನಿಂದ ಬಂದ ಪದ್ಧತಿ. ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ಮತ್ತೊಂದು ನೋಡಬೇಕು. ಹ್ಯಾಮರ್ ಏರಿಸಿದಾಗ ಸಿಲಿಂಡರ್ ಬಿಗಿಯಾಗಿ ನಿಲ್ಲಬೇಕು. ಕೈಯಿಂದ ತಿರುಗಿಸಿದರೆ ಸಡಿಲವಾಗಿ ಆಡುತ್ತಿದ್ದರೆ ಗೂಡು ಮತ್ತು ನಳಿಗೆ ನೇರಕ್ಕಿಲ್ಲ ಎಂದೇ ಅರ್ಥ. ಬೆಲೆ ಎಷ್ಟು ಕಡಿಮೆ ಮಾಡಿದರೂ ಬಿಟ್ಟು ಬನ್ನಿ.

.22ರ ನಿಡರ್ ಬಗ್ಗೆ ಚಿಕ್ಕದಾಗಿ: ಜೇಬಿಗೆ ಚೆನ್ನ, ಒದೆತ ಇಲ್ಲವೇ ಇಲ್ಲ. ಆದರೆ .22ರಲ್ಲಿ ಸಿಡಿಮದ್ದು ಖೋಲಿನ ಅಂಚಿನಲ್ಲಿ ಇರುತ್ತದೆ. ಅಂಥವು ಹುಸಿಯಾಗುವ ಸಾಧ್ಯತೆ ನಡುವೆ ಸಿಡಿಮದ್ದಿನ ಟೋಪಿ ಇರುವ ಕಾರ್ಟ್ರಿಡ್ಜ್‌ಗಿಂತ ಹೆಚ್ಚು. ರಿವಾಲ್ವರ್ ಆದ್ದರಿಂದ ಮತ್ತೊಮ್ಮೆ ಎಳೆದರೆ ಮುಂದಿನ ಗುಂಡು ಬರುತ್ತದೆ, ಅದೊಂದು ಸಮಾಧಾನ. ನಾನಾದರೆ .32ನ್ನೇ ಕೊಳ್ಳುತ್ತೇನೆ.

ಇನ್ನು ಸೊಂಟಕ್ಕೆ. 2016ರ ನಿಯಮ ಸ್ಪಷ್ಟವಾಗಿದೆ. ಸಾರ್ವಜನಿಕ ಜಾಗದಲ್ಲಿ ಕೈಬಂದೂಕು ಮೈಗೆ ಕಟ್ಟಿದ ಹೋಲ್‌ಸ್ಟರಿನಲ್ಲಿ ಅಥವಾ ಅಂಥ ಚೀಲದಲ್ಲಿ ಇರಬೇಕು, ಪೂರ್ತಿ ಮುಚ್ಚಿರಬೇಕು, ನಿಮ್ಮ ಹತೋಟಿಯಲ್ಲಿ ಇರಬೇಕು. ತೋರಿಸುವುದು, ಝಳಪಿಸುವುದು ನಿಷಿದ್ಧ. ಮದುವೆಯಲ್ಲಿ ಗಾಳಿಗೆ ಹೊಡೆದರೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಸ್ಕೂಟರಿನ ಡಿಕ್ಕಿ, ಕಾರಿನ ಮುಂದಿನ ಖಾನೆ, ಗಲ್ಲಾಪೆಟ್ಟಿಗೆ, ಇವು ಯಾವುವೂ ಹತೋಟಿ ಅಲ್ಲ. ಹೋಟೆಲಿನವರು ಗಲ್ಲಾದಲ್ಲಿ ಇಡುತ್ತೇನೆ ಎಂದಾಗ ನಾನು ಕೇಳುವುದು ಒಂದೇ: ನೀವು ಊಟಕ್ಕೆ ಹೋದಾಗ ಗಲ್ಲಾದಲ್ಲಿ ಯಾರು ಕೂರುತ್ತಾರೆ?

ಹೋಲ್‌ಸ್ಟರ್ ಆರಿಸುವಾಗ ಟ್ರಿಗರ್ ಪೂರ್ತಿ ಒಳಗೆ ಮುಚ್ಚಿಕೊಳ್ಳಬೇಕು. ಉಳಿದದ್ದು ಅನುಕೂಲ. ರಿವಾಲ್ವರಿನ ಹೊಟ್ಟೆ, ಅಂದರೆ ಸಿಲಿಂಡರ್, ಒಂದೂಕಾಲು ಇಂಚಿನಷ್ಟು ದಪ್ಪ. ಇನ್‌ಶರ್ಟ್ ಮಾಡುವವರಿಗೆ ಅದನ್ನು ಮರೆಸುವುದು ಕಷ್ಟ. ಸಡಿಲವಾದ ಅಂಗಿ, ಅಗಲವಾದ ಗಟ್ಟಿ ಬೆಲ್ಟ್ ಬೇಕೇ ಬೇಕು. ಹ್ಯಾಮರಿನ ಕೊಕ್ಕೆ ಅಂಗಿಗೆ ಸಿಕ್ಕಿಹಾಕಿಕೊಳ್ಳುತ್ತದೆಯೇ ಎಂದು ಮನೆಯಲ್ಲಿ, ಖಾಲಿ ಬಂದೂಕಿನಲ್ಲಿ ನೋಡಿಕೊಳ್ಳಿ. ಸಂಜೆ ಒಂದು ಪೆಗ್ ಹಾಕುವ ಅಭ್ಯಾಸ ಇದ್ದರೆ ಆ ದಿನ ಬಂದೂಕು ಮನೆಯಲ್ಲಿ, ಬೀಗದೊಳಗೆ. ಇದರಲ್ಲಿ ಚರ್ಚೆ ಇಲ್ಲ.

ಬಳಸುವ ಹಕ್ಕು ಯಾವಾಗ? 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಸೆಕ್ಷನ್‌ಗಳು ಆತ್ಮರಕ್ಷಣೆಯ ಹಕ್ಕನ್ನು ಹೇಳುತ್ತವೆ. ಹಳೆಯ ಐಪಿಸಿಯ 96ರಿಂದ 106 ಇದ್ದದ್ದು ಇವೇ. ತಿರುಳು ಇಷ್ಟು: ರಕ್ಷಣೆಗೆ ಬೇಕಾದದ್ದಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ, ಪೊಲೀಸರ ಸಹಾಯ ಪಡೆಯಲು ಸಮಯ ಇದ್ದರೆ ಆ ಹಕ್ಕು ಇಲ್ಲ. ಚೀಲ ಕಿತ್ತುಕೊಂಡು ಓಡಿಹೋಗುತ್ತಿರುವವನ ಬೆನ್ನಿಗೆ ಹೊಡೆದು ಆತ್ಮರಕ್ಷಣೆ ಎಂದರೆ ಕೋರ್ಟಿನಲ್ಲಿ ನಿಲ್ಲುವುದು ಬಲು ಕಷ್ಟ. ಹೋಟೆಲಿನ ಹಣದ ಚಿಂತೆಗೆ ನಿಜವಾದ ಉತ್ತರ ಯುಪಿಐ ಆಗಲೇ ಅರ್ಧ ಕೊಟ್ಟಿದೆ. ಉಳಿದರ್ಧಕ್ಕೆ ದಿನಾ ಒಂದೇ ಹೊತ್ತಿಗೆ ಒಂದೇ ದಾರಿಯಲ್ಲಿ ಹೋಗದಿದ್ದರೆ ಬೇಕಾದಷ್ಟಾಯಿತು.

ಈಗ ಕಾಡಿಗೆ ಬರೋಣ. ಟ್ರೆಕ್ಕಿಂಗ್ ಗೆಳೆಯರಿಗೆ ನನ್ನ ಉತ್ತರ ಇಷ್ಟವಾಗುವುದಿಲ್ಲ, ಗೊತ್ತು.

ಪುಣೆ-ಮುಂಬೈಯವರು ಮೆಚ್ಚುವ ಜಾಗಗಳಲ್ಲಿ ಎಷ್ಟೋ ಅಭಯಾರಣ್ಯದ ಒಳಗೇ ಇವೆ. ಹರಿಶ್ಚಂದ್ರಗಡ, ಕಳಸೂಬಾಯಿ ಒಂದು ಅಭಯಾರಣ್ಯ. ಭೀಮಾಶಂಕರ ಇನ್ನೊಂದು. ವಾಸೋಟಾ ಕೋಯ್ನಾದೊಳಗೆ. ಕರ್ನಾಳಾ ಪಕ್ಷಿಧಾಮದೊಳಗೆ. ಬೋರಿವಲಿಯದು ರಾಷ್ಟ್ರೀಯ ಉದ್ಯಾನ. ನಮ್ಮವರಿಗೆಲ್ಲ ಪ್ರೀತಿಯ ದೂಧಸಾಗರ ಗೋವಾದ ಭಗವಾನ್ ಮಹಾವೀರ ಅಭಯಾರಣ್ಯದಲ್ಲಿದೆ. 1972ರ ವನ್ಯಜೀವಿ ಕಾಯ್ದೆಯ 31ನೇ ಸೆಕ್ಷನ್ ಪ್ರಕಾರ ಮುಖ್ಯ ವನ್ಯಜೀವಿ ಪಾಲಕರ ಅಥವಾ ಅವರು ಅಧಿಕಾರ ಕೊಟ್ಟವರ ಲಿಖಿತ ಅನುಮತಿ ಇಲ್ಲದೆ ಯಾವ ಆಯುಧವನ್ನೂ ಒಳಗೆ ಒಯ್ಯುವಂತಿಲ್ಲ. ನಿಮ್ಮ ಲೈಸೆನ್ಸ್ ಅಲ್ಲಿ ಉತ್ತರ ಅಲ್ಲ. ಮೈಮೇಲೆ ಬಂದ ಪ್ರಾಣಿಯನ್ನು ಪ್ರಾಣ ಉಳಿಸಿಕೊಳ್ಳಲು ಕೊಂದರೆ ಅಪರಾಧವಲ್ಲ ಎಂದು 11ನೇ ಸೆಕ್ಷನ್ ಹೇಳುತ್ತದೆ, ಸರಿ. ಆದರೆ ನೀವು ಆಗಲೇ ಕಾಯ್ದೆ ಮುರಿಯುತ್ತಿದ್ದರೆ ಆ ರಕ್ಷಣೆ ಸಿಗುವುದಿಲ್ಲ ಎಂದೂ ಅದೇ ಸೆಕ್ಷನ್ ಹೇಳುತ್ತದೆ. ಅನುಮತಿ ಇಲ್ಲದೆ ರಿವಾಲ್ವರ್ ಹಿಡಿದು ಒಳಗೆ ಹೋದವರು ಅಲ್ಲೇ ಸಿಕ್ಕಿಬೀಳುತ್ತಾರೆ.

ಕಾನೂನು ಪಕ್ಕಕ್ಕಿಡಿ, ಕೆಲಸಕ್ಕಾದರೂ ಬರುತ್ತದೆಯೇ? ಮೊದಲು ಹೇಳಿದ 150 ಜೂಲ್ ನೆನಪಿಸಿಕೊಳ್ಳಿ. ಬೆಳೆದ ಗಂಡು ಕಾಟಿ ಸಾವಿರ ಕಿಲೋ ಹತ್ತಿರ ತೂಗಬಹುದು. ಅದಕ್ಕೆ ಈ ಗುಂಡು ಸಿಟ್ಟು ಬರಿಸುತ್ತದೆ, ಅಷ್ಟೇ. ಕಾಡುಹಂದಿಯ ಭುಜದ ಚರ್ಮ, ಕೊಬ್ಬು, ಮೂಳೆ ದಾಟಿ ಒಳಗೆ ಹೋಗುವುದು ಅನುಮಾನ. ಗಾಯಗೊಂಡ ಹಂದಿ ಏನು ಮಾಡುತ್ತದೆ ಎಂದು ಊರಿನ ಹಳೇ ಕೋವಿಯವರನ್ನು ಕೇಳಿ. ಚಿರತೆ ನಿಜಕ್ಕೂ ದಾಳಿ ಮಾಡುವುದಾದರೆ ನಿಮಗೆ ಕಾಣುವ ಮೊದಲೇ ಮಾಡಿರುತ್ತದೆ, ಹೆಚ್ಚಾಗಿ ಹಿಂದಿನಿಂದ. ಕಂಡ ಚಿರತೆ ಬಹುತೇಕ ಹೋಗುತ್ತಿರುವ ಚಿರತೆ. ಓಡಬಾರದು, ಬಗ್ಗಬಾರದು, ಅದರ ಕಡೆ ಮುಖ ಇಟ್ಟು ಹಿಂದೆ ಸರಿಯಬೇಕು, ಗದ್ದಲ ಮಾಡಬೇಕು. ಕತ್ತಲಲ್ಲಿ ಒಬ್ಬೊಬ್ಬರೇ ನಡೆಯಬಾರದು, ಮಕ್ಕಳನ್ನು ಹಿಂದೆ ಬಿಡಬಾರದು. ಒಳ್ಳೆಯ ಬ್ಯಾಟರಿಯೊಂದು ಕೈಯಲ್ಲಿದ್ದರೆ ಈ ಎಲ್ಲದಕ್ಕೂ ಸಹಾಯ.

ಇನ್ನು ಸಹ್ಯಾದ್ರಿಯಲ್ಲಿ ಟ್ರೆಕ್ಕಿಗರನ್ನು ಮತ್ತೆ ಮತ್ತೆ ಕಾಡುವುದು ಏನು? ಜಾರಿ ಬೀಳುವುದು. ನೀರು ಮುಗಿದು ಬಿಸಿಲಿಗೆ ಕುಸಿಯುವುದು. ಮಳೆಗಾಲದ ಹಳ್ಳ ದಿಢೀರ್ ಏರುವುದು. ಬಂಡೆಯ ಹೆಜ್ಜೇನು ಎದ್ದು ಬರುವುದು. ಮಂಡಲ, ಗರಗಸ ಮಂಡಲ ಹಾವು. ಇವುಗಳಲ್ಲಿ ಯಾವುದಕ್ಕೆ ರಿವಾಲ್ವರ್? ಹಾವು ಕಚ್ಚಿದರೆ ಆಂಟಿವೆನಮ್ ಇರುವ ಆಸ್ಪತ್ರೆಗೆ ಎಷ್ಟು ಬೇಗ ತಲುಪುತ್ತೀರಿ ಎಂಬುದೇ ಮುಖ್ಯ, ಹಾವನ್ನು ಕೊಲ್ಲುವುದು ಅಲ್ಲ. ಅಮೆರಿಕದಲ್ಲಿ ಕರಡಿಗೆ .44 ಎನ್ನುವುದು ಅಲ್ಲಿನ ಪ್ರಾಣಿ, ಅಲ್ಲಿನ ಗುಂಡು, ಅಲ್ಲಿನ ಕಾನೂನು ನೋಡಿ ಹುಟ್ಟಿದ ಮಾತು. ಮೂರೂ ಇಲ್ಲಿಲ್ಲ.

ಹೊಲಮನೆಯವರ ಪ್ರಶ್ನೆ ಸ್ವಲ್ಪ ಬೇರೆ, ಯಾಕೆಂದರೆ ಅಲ್ಲಿ ಅಪಾಯ ಮನುಷ್ಯರದ್ದೂ ಇರಬಹುದು. ಮುಳಶಿ-ತಾಮ್ಹಿಣಿ ಕಡೆ ಜಮೀನು ಇದ್ದವರು ಒಂದು ವಿಷಯ ತಿಳಿದಿರಬೇಕು. ಅಲ್ಲೂ ಅಭಯಾರಣ್ಯ ಇದೆ. ಅಭಯಾರಣ್ಯದಿಂದ 10 ಕಿಲೋಮೀಟರ್ ದೂರದೊಳಗೆ ಹೊಸ ಆಯುಧ ಲೈಸೆನ್ಸ್ ಕೊಡಬೇಕಾದರೆ ಮುಖ್ಯ ವನ್ಯಜೀವಿ ಪಾಲಕರ ಒಪ್ಪಿಗೆ ಮೊದಲೇ ಬೇಕು. ಆಗಲೇ ಲೈಸೆನ್ಸ್ ಇದ್ದು ಅಲ್ಲಿ ವಾಸ ಇರುವವರೂ ಹೆಸರು ನೋಂದಾಯಿಸಬೇಕು. ಹಂದಿ ಕಾಟಕ್ಕೆ ರಿವಾಲ್ವರ್ ಕೇಳಬೇಡಿ. ಆತ್ಮರಕ್ಷಣೆಯ ಲೈಸೆನ್ಸ್ ಬೇರೆ, ಬೆಳೆ ರಕ್ಷಣೆಯದ್ದು ಬೇರೆ, ಎರಡನೆಯದಕ್ಕೆ ಉದ್ದ ನಳಿಗೆಯ ಕೋವಿ. ಅದಕ್ಕೂ ಮೊದಲು ಸೋಲಾರ್ ಬೇಲಿ ನೋಡಿ.

ಮಳೆ ಇಲ್ಲಿನ ಬಂದೂಕುಗಳ ದೊಡ್ಡ ಶತ್ರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಳಶಿ, ಲೋಣಾವಳಾ, ಕೊಂಕಣದಲ್ಲಿ ಕಬ್ಬಿಣಕ್ಕೆ ಒಂದೇ ರಾತ್ರಿ ಸಾಕು. ಬ್ಲೂಯಿಂಗ್ ಎಂಬ ಕಪ್ಪು ಹೊದಿಕೆಯ ಉಕ್ಕು ನೋಡೋಕೆ ಚೆಂದ, ತುಕ್ಕು ತಡೆಯುವುದರಲ್ಲಿ ಸೋಮಾರಿ. ಚರ್ಮದ ಹೋಲ್‌ಸ್ಟರಿನಲ್ಲೇ ಬಿಟ್ಟು ಕಪಾಟಿಗೆ ಹಾಕುವುದು ಎಲ್ಲಕ್ಕಿಂತ ಕೆಟ್ಟ ಅಭ್ಯಾಸ. ಚರ್ಮ ನೀರು ಕುಡಿದು ಕೂತಿರುತ್ತದೆ. ಒರೆಸಿ, ತೆಳುವಾಗಿ ಎಣ್ಣೆ ಹಚ್ಚಿ, ಸಿಲಿಕಾ ಜೆಲ್ ಜೊತೆ ಬೀಗದ ಪೆಟ್ಟಿಗೆಯಲ್ಲಿ ಇಡಿ. ಎಣ್ಣೆ ಜಾಸ್ತಿ ಆದರೆ ಅದೂ ತೊಂದರೆ. ಗೂಡಿಗಿಳಿದು ಕಾರ್ಟ್ರಿಡ್ಜ್‌ನ ಟೋಪಿಯೊಳಗೆ ಸೇರಿ ಗುಂಡನ್ನು ಹುಸಿ ಮಾಡುತ್ತದೆ. ಸೊಂಟದ ಬೆವರಲ್ಲಿ ವರ್ಷಗಟ್ಟಲೆ ತಿರುಗಿದ ಗುಂಡುಗಳನ್ನು ರೇಂಜಿನಲ್ಲಿ ಹೊಡೆದು ಮುಗಿಸಿ, ಹೊಸದು ತುಂಬಿ. ಎಷ್ಟು ಗುಂಡು ಕೊಳ್ಳಬಹುದು ಎಂದು ಲೈಸೆನ್ಸಿನಲ್ಲೇ ಬರೆದಿರುತ್ತದೆ, ಲೆಕ್ಕ ಇಟ್ಟುಕೊಳ್ಳಿ. ಮುಂಬೈಯವರಿಗೆ ವರ್ಳಿಯಲ್ಲಿ ಮಹಾರಾಷ್ಟ್ರ ರೈಫಲ್ ಅಸೋಸಿಯೇಷನ್ನಿನ ರೇಂಜ್ ಇದೆ. .32 ಹೊಡೆಯಲು ಎಲ್ಲ ರೇಂಜಿನಲ್ಲೂ ಬಿಡುವುದಿಲ್ಲ, ಮೊದಲೇ ವಿಚಾರಿಸಿ. ಕಿವಿಗೆ ರಕ್ಷಣೆ ಇಲ್ಲದೆ ಒಂದು ಗುಂಡೂ ಬೇಡ. ಈ ಚಿಕ್ಕ ನಳಿಗೆಯ ಸದ್ದು 140 ಡೆಸಿಬೆಲ್ ಮೀರುತ್ತದೆ. ಹೋದ ಕಿವಿ ವಾಪಸ್ ಬರಲ್ಲ.

ನಮ್ಮವರಿಗೆ ಕೊನೆಯ ತಾಪತ್ರಯ ಊರಿಗೆ ಹೋಗುವಾಗಿನದು. ಲೈಸೆನ್ಸಿನಲ್ಲಿ ‘ವ್ಯಾಪ್ತಿ’ ಎಂಬ ಜಾಗ ಇರುತ್ತದೆ. ಅಲ್ಲಿ ಮಹಾರಾಷ್ಟ್ರ ಎಂದು ಮಾತ್ರ ಇದ್ದರೆ ನಿಪ್ಪಾಣಿ ಹತ್ತಿರದ ಕೊಗನೊಳಿ ಟೋಲ್ ಮುಟ್ಟುವ ಮೊದಲೇ ನಿಮ್ಮ ಹಕ್ಕು ಮುಗಿದಿರುತ್ತದೆ. ಬೆಳಗಾವಿಗೂ ಅಷ್ಟೇ, ಪಣಜಿಗೂ ಅಷ್ಟೇ. ಅಖಿಲ ಭಾರತ ವ್ಯಾಪ್ತಿ ಬೇಕಿದ್ದರೆ ಬೇರೆ ಅರ್ಜಿ, ಬೇರೆ ಕಾರಣ. ಕೊಡವರಿಗೂ ಕೊಡಗಿನ ಜಮ್ಮಾ (ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೂ 2029ರವರೆಗೆ ಲೈಸೆನ್ಸ್‌ನಿಂದ ವಿನಾಯಿತಿ ಇದೆ. ಅದನ್ನೇ ನಂಬಿಕೊಂಡು ಪುಣೆಗೆ ಬಂದೂಕು ತರುವ ಮೊದಲು ಇಲ್ಲಿನ ಲೈಸೆನ್ಸ್ ಕಚೇರಿಯಲ್ಲಿ ಲಿಖಿತವಾಗಿ ಕೇಳಿಕೊಳ್ಳಿ. ವಿಮಾನ ಹತ್ತುವ ಮುನ್ನ ಹಳೆಯ ಬ್ಯಾಗಿನ ಎಲ್ಲ ಖಾನೆ ತಡಕಿ, ಮರೆತ ಒಂದೇ ಗುಂಡು ಎಕ್ಸ್‌ರೇಯಲ್ಲಿ ಕಂಡರೂ ಆ ದಿನ ಪೊಲೀಸ್ ಠಾಣೆಯಲ್ಲಿ. ಚುನಾವಣೆ ಘೋಷಣೆಯಾದಾಗ ದಕ್ಷಿಣ ಕನ್ನಡದ ಕೃಷಿಕರು ಕೋವಿ ಠೇವಣಿ ಇಡಲು ಓಡಾಡುವುದನ್ನು ನೋಡಿದ್ದೀರಲ್ಲ, ಅದು ಇಲ್ಲೂ ಇದೆ. ನೋಟಿಸು ಬಂದರೆ ಹೇಳಿದ ದಿನದೊಳಗೆ ರಿವಾಲ್ವರ್ ಠಾಣೆಗೆ ಕೊಟ್ಟು, ಬಂದೂಕಿನ ನಂಬರ್ ಮತ್ತು ಗುಂಡಿನ ಸಂಖ್ಯೆ ಎರಡೂ ಬರೆದ ರಸೀದಿ ಕೇಳಿ ಪಡೆಯಿರಿ.